ತಿರುಮುಕ್ಕೂಡಲಿನ ಆತುರಶಾಲೆ

ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯಲ್ಲಿ ಪಾಲಾರ್, ಚೆಯ್ಯಾರ್ ಮತ್ತು ವೇಗವತಿ ನದಿಗಳು ಸಂಗಮಿಸುವ ತಿರುಮುಕ್ಕೂಡಲಿನಲ್ಲಿ ವೆಂಕಟೇಶ ಪೆರುಮಾಳ್ ದೇವಾಲಯವಿದೆ. ಚೋಳ ದೊರೆ ವೀರರಾಜೇಂದ್ರನ (ಕ್ರಿ.ಶ. 1063-1070) ಕಾಲದಲ್ಲಿ ಈ ದೇವಾಲಯದ ಆಶ್ರಯದಲ್ಲಿ ವೇದಪಾಠಶಾಲೆ, ವಿದ್ಯಾರ್ಥಿನಿಲಯ ಹಾಗೂ 15 ಹಾಸಿಗೆಗಳ ಆತುರಶಾಲೆ ನಡೆಯುತ್ತಿದ್ದವು. ವಿದ್ಯಾರ್ಥಿಗಳಿಗೂ ದೇವಾಲಯದ ಸಿಬ್ಬಂದಿಗೂ ಇಲ್ಲಿ ಚಿಕಿತ್ಸೆ ದೊರೆಯುತ್ತಿತ್ತು.

ದೇವಾಲಯದ ಗೋಡೆಯ ಮೇಲಿನ ದೀರ್ಘವಾದ ತಮಿಳು ಶಾಸನವು ವೈದ್ಯ, ಶಸ್ತ್ರಚಿಕಿತ್ಸಕ, ದಾದಿಯರು, ಮೂಲಿಕೆ ತರುವವರು ಮುಂತಾದವರಿಗೆ ಸಲ್ಲತಕ್ಕ ಭತ್ತದ ಪ್ರಮಾಣವನ್ನೂ, ಸಂಗ್ರಹಿಸಿಡಬೇಕಾದ ಔಷಧಿಗಳ ಹೆಸರುಗಳನ್ನೂ ವಿವರವಾಗಿ ನಮೂದಿಸುತ್ತದೆ. ರೋಗಿಗಳ ಬಳಿ ರಾತ್ರಿ ಉರಿಯಬೇಕಾದ ದೀಪದ ಎಣ್ಣೆಗೂ ಅದರಲ್ಲಿ ಅವಕಾಶ ಕಲ್ಪಿಸಲಾಗಿದೆ.

ಅಂದಿನ ಆರೈಕೆಯ ವ್ಯವಸ್ಥೆಯನ್ನು ಇಂದು ನಮಗೆ ತಿಳಿಸುವುದು ಈ ಅಕ್ಷರಗಳೇ. ಒಮ್ಮೆ ಅಳಿದರೆ ಇವನ್ನು ಮರಳಿ ಪಡೆಯಲಾಗದು. ಆದುದರಿಂದ ಸಂದರ್ಶಕರು ಶಾಸನದ ಗೋಡೆಗೆ ಎಣ್ಣೆ, ಸುಣ್ಣ, ಕುಂಕುಮ ಹಚ್ಚದಿರುವುದು ಮತ್ತು ಅದರ ಮೇಲೆ ಹೆಸರು ಕೆತ್ತದಿರುವುದು ಅತ್ಯವಶ್ಯಕ.