ಪರದೇಶದ ಓದು: ಹೊರಡುವ ಮುನ್ನ ಕೆಲವು ಮಾತು

ಪರದೇಶಕ್ಕೆ ಹೋಗಿ ಓದಿಬರಬೇಕೆಂಬ ಆಸೆ ನಮ್ಮ ಕಾಲೇಜಿನಲ್ಲಿ ಯಾರಿಗೂ ಇಲ್ಲವೆಂದರೆ ನಾನು ನಂಬುವವಳಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಹೊಂಗೆಯ ಮರದ ಕೆಳಗೆ ಕುಳಿತು ಬುತ್ತಿ ಬಿಚ್ಚುವಾಗ ಬರುವ ಮಾತುಗಳಲ್ಲಿ ಅದೂ ಒಂದು. ಆದರೆ ಆ ಮಾತು ಬಹುಮಟ್ಟಿಗೆ "ಹೋಗುವವರು ಹೋಗ್ತಾರೆ, ನಮಗೆಲ್ಲಿ ಬರಬೇಕು" ಎಂಬ ನಿಟ್ಟುಸಿರಿನಲ್ಲಿ ಮುಗಿದುಹೋಗುತ್ತದೆ.

ಈ ವಿಷಯವನ್ನು ಕುರಿತು ಬರೆಯಲು ನನಗಿರುವ ಅಧಿಕಾರವಾದರೂ ಏನೆಂದು ಗುರುಗಳು ಕೇಳಬಹುದು. ನಾನು ಬೆಂಗಳೂರಿನ ಆಚೆಗೆ ಹೋದವಳಲ್ಲ. ನಮ್ಮ ಮನೆತನದಲ್ಲಿ ಪದವಿಯ ಮೆಟ್ಟಿಲು ಹತ್ತಿದವರು ಇಬ್ಬರೇ: ದೊಡ್ಡಪ್ಪನ ಮಗನಾದ ಅಣ್ಣ, ಅವನ ಹಿಂದೆ ನಾನು. ಅಣ್ಣ ೨೦೨೨ರ ಸೆಪ್ಟೆಂಬರಿನಲ್ಲಿ ಎಂ.ಎಸ್‌ಸಿ. ಓದಲೆಂದು ಜರ್ಮನಿಯ ಪೂರ್ವಭಾಗದ ಒಂದು ಊರಿಗೆ ಹೋದ. ಅವನ ಕಾಗದಪತ್ರಗಳನ್ನು ಜೋಡಿಸಿಕೊಟ್ಟವಳು ನಾನು. ಪ್ರತಿ ಭಾನುವಾರ ಅವನ ಫೋನಿಗೆ ಕಾದವಳೂ ನಾನು. ಅವನು ಮಾಡಿದ ತಪ್ಪುಗಳನ್ನು ಇಲ್ಲಿ ಬರೆಯಲು ಅವನೇ ಒಪ್ಪಿಗೆ ಕೊಟ್ಟಿದ್ದಾನೆ. "ನನ್ನ ಹೆಸರು ಮಾತ್ರ ಹಾಕಬೇಡ ಪುಟ್ಟಿ" ಎಂದ. ಹಾಕಿಲ್ಲ.

ಮೊದಲು ಹಣದ ಮಾತು. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಪಾಠಕ್ಕೆ ಶುಲ್ಕವಿಲ್ಲವೆಂಬುದು ಬಹುಮಟ್ಟಿಗೆ ನಿಜ. ಆರು ತಿಂಗಳಿಗೊಮ್ಮೆ ವಿದ್ಯಾರ್ಥಿ ಸಂಘ, ಬಸ್ಸು ರೈಲು ಮುಂತಾದುವಕ್ಕೆಂದು ಕೆಲವು ನೂರು ಯೂರೋ ಕಟ್ಟಿದರಾಯಿತು. ಆದರೆ ಎಲ್ಲ ಕಡೆಯೂ ಹೀಗಲ್ಲ. ಬಾಡೆನ್-ವ್ಯುರ್ಟೆಂಬೆರ್ಗ್ ಎಂಬ ರಾಜ್ಯದಲ್ಲಿ ೨೦೧೭ರಿಂದ ಯುರೋಪಿನ ಒಕ್ಕೂಟಕ್ಕೆ ಸೇರದ ದೇಶಗಳವರು ಅರ್ಧವರ್ಷಕ್ಕೆ ೧,೫೦೦ ಯೂರೋ ಕಟ್ಟಬೇಕು. ನಮ್ಮ ನುಡಿಗೆ ೧೮೯೪ರಲ್ಲಿ ದೊಡ್ಡ ನಿಘಂಟನ್ನು ಕೊಟ್ಟ ಕಿಟ್ಟೆಲರು ತಮ್ಮ ಕೊನೆಗಾಲವನ್ನು ಕಳೆದ ಟ್ಯೂಬಿಂಗೆನ್ ಊರು ಇರುವುದು ಆ ರಾಜ್ಯದಲ್ಲಿಯೇ. ಕನ್ನಡಿಗರಿಗೆ ರಿಯಾಯಿತಿ ಇಲ್ಲವೆಂಬುದು ಬೇರೆ ಮಾತು! ಮ್ಯೂನಿಕ್ಕಿನ ತಾಂತ್ರಿಕ ವಿಶ್ವವಿದ್ಯಾಲಯವೂ ೨೦೨೪ರಿಂದ ಹೊರದೇಶದವರಿಗೆ ಶುಲ್ಕ ಇಟ್ಟಿದೆ.

"ಪಾಠಕ್ಕೆ ದುಡ್ಡಿಲ್ವಂತೆ, ಮತ್ಯಾಕಪ್ಪ ಎಂಟು ಲಕ್ಷ?" ಎಂದು ದೊಡ್ಡಪ್ಪ ಕೇಳಿದ್ದು ಇಂದಿಗೂ ನೆನಪಿದೆ. ಅದು ಊಟಕ್ಕೆ, ಬಾಡಿಗೆಗೆ. ಒಂದು ವರ್ಷ ಬದುಕಲು ಬೇಕಾದ ಹಣವನ್ನು ವಿದ್ಯಾರ್ಥಿ ಮೊದಲೇ ಒಂದು ಖಾತೆಯಲ್ಲಿ ಇಟ್ಟು ತೋರಿಸಬೇಕು. ಅದಕ್ಕೆ ಸ್ಪೆರ್‌ಕೊಂಟೊ, ಅಂದರೆ ತಡೆಹಿಡಿದ ಖಾತೆ, ಎಂದು ಹೆಸರು. ಅಲ್ಲಿಗೆ ಹೋದ ಮೇಲೆ ತಿಂಗಳು ತಿಂಗಳಿಗೆ ಇಷ್ಟೆಂದು ಅದರಿಂದ ಹಣ ಬಿಡುತ್ತಾರೆ. ಅಣ್ಣ ಹೋದಾಗ ಆ ಮೊತ್ತ ೧೦,೩೩೨ ಯೂರೋ. ೨೦೨೪ರ ಸೆಪ್ಟೆಂಬರಿನಲ್ಲಿ ಅದನ್ನು ೧೧,೯೦೪ಕ್ಕೆ, ಎಂದರೆ ತಿಂಗಳಿಗೆ ೯೯೨ಕ್ಕೆ, ಏರಿಸಿದರು. ಯೂರೋ ಒಂದಕ್ಕೆ ನೂರು ರೂಪಾಯಿಯೆಂದು ಹಿಡಿದರೆ ಸುಮಾರು ಹನ್ನೆರಡು ಲಕ್ಷ. ನಮ್ಮಂಥವರ ಮನೆಗಳಲ್ಲಿ ಈ ಅಂಕಿಯನ್ನು ಕೇಳಿದ ಕೂಡಲೆ ಮಾತು ನಿಂತುಬಿಡುತ್ತದೆ.

ದೊಡ್ಡಪ್ಪ ಪಹಣಿ ಹಿಡಿದು ಬ್ಯಾಂಕಿಗೆ ಹೋದರು. ತೆಂಗಿನ ತೋಟ ಆಧಾರಕ್ಕೆ ಆಗುವುದಿಲ್ಲವೆಂದರು. ಅದಕ್ಕೆ ಕಾರಣ ನನಗೆ ತಿಳಿದುದು ಈಚೆಗೆ, ಅರ್ಥಶಾಸ್ತ್ರದ ಟಿಪ್ಪಣಿಗಾಗಿ ಓದುವಾಗ: ಸಾಲ ತೀರದಿದ್ದರೆ ಆಧಾರವನ್ನು ಬ್ಯಾಂಕೇ ನೇರವಾಗಿ ವಶಪಡಿಸಿಕೊಳ್ಳಲು ಅವಕಾಶ ಕೊಡುವ ೨೦೦೨ರ ಸರ್ಫೇಸಿ ಕಾಯಿದೆ ಕೃಷಿಭೂಮಿಗೆ ಅನ್ವಯಿಸುವುದಿಲ್ಲ, ಆದ್ದರಿಂದ ಅನೇಕ ಬ್ಯಾಂಕುಗಳು ವಿದ್ಯಾಸಾಲಕ್ಕೆ ಹೊಲವನ್ನು ಒಪ್ಪುವುದಿಲ್ಲ. ರೈತನನ್ನು ಕಾಯಲೆಂದು ಮಾಡಿದ ಏರ್ಪಾಡು ರೈತನ ಮಗನ ಓದಿಗೆ ಅಡ್ಡ ನಿಂತದ್ದು ವಿಚಿತ್ರವೇ ಸರಿ. ಆದರೆ ಏಳೂವರೆ ಲಕ್ಷ ರೂಪಾಯಿವರೆಗಿನ ವಿದ್ಯಾಸಾಲಕ್ಕೆ ಕೇಂದ್ರ ಸರ್ಕಾರದ ಖಾತರಿ ನಿಧಿ ಇದೆಯೆಂದೂ, ಅಷ್ಟಕ್ಕೆ ಆಸ್ತಿಯ ಆಧಾರವನ್ನೇ ಕೇಳಬೇಕಾಗಿಲ್ಲವೆಂದೂ, ಓದು ಮುಗಿದು ಒಂದು ವರ್ಷದವರೆಗೆ ಕಂತಿಗೆ ಬಿಡುವು ಇರುವುದೆಂದೂ ಅಂದು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ. ದೊಡ್ಡಪ್ಪ "ಸರಿ ಸ್ವಾಮಿ" ಎಂದು ಪಹಣಿಯನ್ನು ಮಡಿಸಿಕೊಂಡು ಎದ್ದುಬಂದರು. ನೀವು ಹೋದರೆ ಹಾಗೆ ಏಳಬೇಡಿರಿ. ಯಾವ ಯೋಜನೆಯ ಕೆಳಗೆ ಆಗುವುದಿಲ್ಲ, ಏಕೆ ಆಗುವುದಿಲ್ಲ ಎಂಬುದನ್ನು ಬರವಣಿಗೆಯಲ್ಲಿ ಕೇಳಿರಿ. ಪರಿಶಿಷ್ಟ ಜಾತಿಯವರಿಗೂ ಅಲೆಮಾರಿ ಸಮುದಾಯದವರಿಗೂ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ, ಡಿ.ಎ.ಎ.ಡಿ. ಎಂಬ ಜರ್ಮನ್ ಸಂಸ್ಥೆಯ ವಿದ್ಯಾರ್ಥಿವೇತನಗಳೂ ಇವೆ. ಅವು ಸುಲಭವಾಗಿ ಸಿಕ್ಕುವುವಲ್ಲ. ಅರ್ಜಿ ಹಾಕದವರಿಗಂತೂ ಸಿಕ್ಕುವುದೇ ಇಲ್ಲ.

ಬ್ಯಾಂಕು ಇಲ್ಲವೆಂದ ಮೇಲೆ ಮಧ್ಯವರ್ತಿ ಬಂದ. ಇವನ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಇವನು ಒಬ್ಬನಲ್ಲ. "ದುಡ್ಡು ತೋರ್ಸಿದ್ರೆ ಸಾಕು ಯಜಮಾನ್ರೆ, ಇರಬೇಕು ಅಂತೇನಿಲ್ಲ" ಎಂದ. ಒಬ್ಬ ಲೇವಾದೇವಿಯವನು ಖಾತೆಗೆ ಹಣ ಹಾಕುತ್ತಾನೆ, ವೀಸಾ ಬಂದ ಮೇಲೆ ತಿಂಗಳು ತಿಂಗಳಿಗೆ ಬಿಡುಗಡೆಯಾಗುವ ಹಣದಿಂದಲೇ ಅವನಿಗೆ ತೀರಿಸುತ್ತ ಹೋಗುವುದು, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ, ಆಧಾರಕ್ಕೆ ತೋಟದ ಕ್ರಯದ ಕರಾರು. ಎಲ್ಲರೂ ಒಪ್ಪಿದರು. ನಾನೂ ಬೇಡವೆನ್ನಲಿಲ್ಲ, ಆಗ ನನಗೆ ಹದಿನೇಳು ವರ್ಷ, ಅಣ್ಣ ವಿಮಾನ ಹತ್ತುವುದೇ ಕಣ್ಣ ತುಂಬ ಇತ್ತು.

ಪರಿಣಾಮವನ್ನು ಕೇಳಿರಿ. ತಿಂಗಳಿಗೆ ಬರುವ ೮೬೧ ಯೂರೋಗಳಲ್ಲಿ ಐನೂರನ್ನು ಅಣ್ಣ ಊರಿಗೆ ಕಳುಹಿಸಬೇಕಾಯಿತು. ಉಳಿದದ್ದರಲ್ಲಿ ಬಾಡಿಗೆಯೂ ಹುಟ್ಟುವುದಿಲ್ಲ. ವಿದ್ಯಾರ್ಥಿಗಳು ಕೆಲಸ ಮಾಡಬಹುದು, ಆದರೆ ಅದಕ್ಕೆ ಮಿತಿಯಿದೆ: ಆಗ ವರ್ಷಕ್ಕೆ ೧೨೦ ಪೂರ್ತಿ ದಿನ ಅಥವಾ ೨೪೦ ಅರ್ಧ ದಿನ, ೨೦೨೪ರ ಮಾರ್ಚಿನಲ್ಲಿ ಅದನ್ನು ೧೪೦ ಮತ್ತು ೨೮೦ಕ್ಕೆ ಏರಿಸಿದರು. ಮೀರಿದರೆ ಅಲ್ಲಿ ಇರುವ ಪರವಾನಗಿಗೇ ಕುತ್ತು. ಅಣ್ಣ ಒಂದು ಉಗ್ರಾಣದಲ್ಲಿ ರಾತ್ರಿಯ ಪಾಳಿ ಹಿಡಿದ. ಮಿತಿಯನ್ನು ಮೀರಲಿಲ್ಲ, ಆದರೆ ರಾತ್ರಿಯಿಡೀ ಪೆಟ್ಟಿಗೆ ಎತ್ತಿದವನಿಗೆ ಬೆಳಗಿನ ಪಾಠ ಹೇಗೆ ಹತ್ತೀತು? ಅಲ್ಲಿ ಹಾಜರಿ ಕೂಗುವ ಪದ್ಧತಿ ಬಹಳ ತರಗತಿಗಳಲ್ಲಿ ಇಲ್ಲ, ಟಿಪ್ಪಣಿ ಬರೆಸುವವರೂ ಇಲ್ಲ. ಬಂದರೆ ಬಂದೆ, ಬಿಟ್ಟರೆ ಬಿಟ್ಟೆ. ನಮಗೆ ಇದು ಸ್ವರ್ಗವೆಂದು ತೋರಬಹುದು. ಒಂದು ವಿಷಯದಲ್ಲಿ ಅವನು ಮೊದಲ ಸಲ ನಪಾಸಾದ. ಎರಡನೆಯ ಸಲವೂ ಆದ.

ಇಲ್ಲಿ ನಮ್ಮ ಪದ್ಧತಿಗೂ ಅಲ್ಲಿನದಕ್ಕೂ ಇರುವ ದೊಡ್ಡ ಅಂತರವನ್ನು ಹೇಳಬೇಕು. ನಮ್ಮಲ್ಲಿ ಒಂದು ಪತ್ರಿಕೆ ಉಳಿದರೆ ಮುಂದಿನ ಸಲ ಕಟ್ಟಿದರಾಯಿತು. ಅಲ್ಲಿ ಸಾಮಾನ್ಯವಾಗಿ ಮೂರೇ ಅವಕಾಶ. ಕಡ್ಡಾಯವಾದ ವಿಷಯದಲ್ಲಿ ಮೂರನೆಯ ಸಲವೂ ತಪ್ಪಿದರೆ ಆ ವ್ಯಾಸಂಗವೇ ಮುಗಿಯಿತು. ಆ ದೇಶದ ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಿ ಅದೇ ವ್ಯಾಸಂಗಕ್ಕೆ ಸೇರುವಂತೆಯೂ ಇಲ್ಲ. ಪರೀಕ್ಷೆಗೆ ಗಡುವಿನೊಳಗೆ ಹೆಸರು ನೋಂದಾಯಿಸುವುದೂ ವಿದ್ಯಾರ್ಥಿಯದೇ ಹೊಣೆ. ಮೂರನೆಯ ಸಲಕ್ಕೆ ಮುಂಚೆ ಎರಡು ತಿಂಗಳು ಅಣ್ಣ ಉಗ್ರಾಣದ ಕೆಲಸ ಬಿಟ್ಟ. ಆ ಎರಡು ತಿಂಗಳು ಬಡ್ಡಿಯನ್ನು ನನ್ನ ಅಪ್ಪ ಕಟ್ಟಿದರು, ಒಂದು ಹಸು ಮಾರಿ. ಫಲಿತಾಂಶ ಬಂದ ದಿನ ಅಣ್ಣ ಫೋನಿನಲ್ಲಿ "ನಾಲ್ಕು ಬಂತು" ಎಂದ. ನೂರಕ್ಕೆ ನಾಲ್ಕೆಂದು ತಿಳಿದು ದೊಡ್ಡಮ್ಮ ಜಗುಲಿಯ ಮೇಲೆ ಕುಸಿದು ಕುಳಿತರು. ಅಲ್ಲಿ ಒಂದು ಎಂದರೆ ಅತ್ಯುತ್ತಮ, ನಾಲ್ಕು ತೇರ್ಗಡೆಯ ಕೊನೆಯ ಮೆಟ್ಟಿಲು, ಐದು ನಪಾಸು. ಇದನ್ನು ಬಿಡಿಸಿ ಹೇಳುವ ಹೊತ್ತಿಗೆ ನನಗೆ ಸಾಕುಸಾಕಾಯಿತು.

ಅಣ್ಣ ಈಗ ಅಲ್ಲಿಯೇ ಒಂದು ಕೆಲಸದಲ್ಲಿದ್ದಾನೆ. ತೋಟದ ಕರಾರು ಇನ್ನೂ ಪೂರ್ತಿ ಬಿಡುಗಡೆಯಾಗಿಲ್ಲ.

ಎರಡನೆಯ ತಪ್ಪು ಮನೆಯದು. ಹೊರಡುವ ಮೊದಲೇ ಅಂತರ್ಜಾಲದಲ್ಲಿ ಒಂದು ಕೋಣೆಯನ್ನು ಹಿಡಿದ. ಮಾಲೀಕನೆಂಬುವನು ತಾನು ಬೇರೆ ದೇಶದಲ್ಲಿರುವೆನೆಂದೂ, ಆರುನೂರು ಯೂರೋ ಮುಂಗಡ ಕಳಿಸಿದರೆ ಬೀಗದ ಕೈ ಅಂಚೆಯಲ್ಲಿ ಬರುವುದೆಂದೂ ಬರೆದ. ಬೀಗದ ಕೈ ಬರಲಿಲ್ಲ. ಆ ವಿಳಾಸದಲ್ಲಿ ಅಂಥ ಕೋಣೆಯೇ ಇರಲಿಲ್ಲ. ಕೋಣೆಯನ್ನು ತಾನಾಗಲಿ, ನಂಬಿಕೆಯ ಇನ್ನೊಬ್ಬರಾಗಲಿ ಕಣ್ಣಾರೆ ನೋಡದೆ ಹಣ ಕಳಿಸಲೇಬಾರದು. ಪ್ರವೇಶಪತ್ರ ಕೈಗೆ ಬಂದ ದಿನವೇ ಅಲ್ಲಿನ ಸ್ಟುಡಿಯೆರೆಂಡೆನ್‌ವೆರ್ಕ್ ಎಂಬ ವಿದ್ಯಾರ್ಥಿ ಕಲ್ಯಾಣ ಸಂಸ್ಥೆಯ ಹಾಸ್ಟೆಲಿಗೆ ಅರ್ಜಿ ಹಾಕಬೇಕು; ಸರದಿ ಉದ್ದವಿರುತ್ತದೆ. ಬಾಡಿಗೆಯಲ್ಲಿ 'ತಣ್ಣನೆಯದು', 'ಬೆಚ್ಚನೆಯದು' ಎಂದು ಎರಡು ಬಗೆ. ಬೆಚ್ಚನೆಯದರಲ್ಲಿ ಮನೆ ಕಾಯಿಸುವ ಖರ್ಚು, ನೀರು ಮುಂತಾದುವು ಸೇರಿರುತ್ತವೆ. ಮುಂಗಡವು ತಣ್ಣನೆಯ ಬಾಡಿಗೆಯ ಮೂರು ತಿಂಗಳಿನಷ್ಟನ್ನು ಮೀರುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕೊಡಬಹುದೆಂದು ಅಲ್ಲಿನ ಕಾನೂನೇ ಹೇಳುತ್ತದೆ. ಮನೆ ಹೊಕ್ಕ ಎರಡು ವಾರದೊಳಗೆ ಊರಿನ ಕಚೇರಿಗೆ ಹೋಗಿ ವಿಳಾಸವನ್ನು ನೋಂದಾಯಿಸಬೇಕು, ಅದಕ್ಕೆ ಮನೆಯೊಡೆಯನ ಸಹಿಯ ಪತ್ರ ಬೇಕು. ಆ ಪತ್ರ ಕೊಡಲೊಲ್ಲದ ಮನೆಯನ್ನು ಎಷ್ಟು ಅಗ್ಗವಾದರೂ ಹಿಡಿಯಬಾರದು. ತೆರಿಗೆಯ ಸಂಖ್ಯೆ, ಪರವಾನಗಿ ಎಲ್ಲವೂ ಆ ಒಂದು ನೋಂದಣಿಯ ಬೆನ್ನಿಗೆ ಬರುವಂಥವು.

ಆರೋಗ್ಯ ವಿಮೆ ಕಡ್ಡಾಯ. ಮೂವತ್ತು ವರ್ಷದೊಳಗಿನ ವಿದ್ಯಾರ್ಥಿಗಳಿಗೆ ಸಾರ್ವಜನಿಕ ವಿಮೆಯಲ್ಲಿ ಕಡಿಮೆ ದರವಿದೆ. ಖಾಸಗಿಯದು ಇನ್ನೂ ಅಗ್ಗವೆಂದು ಮೊದಲಲ್ಲೇ ಅದಕ್ಕೆ ಬರೆದುಕೊಟ್ಟರೆ ಓದು ಮುಗಿಯುವವರೆಗೆ ಸಾರ್ವಜನಿಕಕ್ಕೆ ಮರಳುವಂತಿಲ್ಲ. ಅಪಾಯಕ್ಕೆ ೧೧೨, ಪೊಲೀಸರಿಗೆ ೧೧೦.

ಸಣ್ಣಪುಟ್ಟ ವಿಷಯಗಳೂ ಹೊಸಬರನ್ನು ಕಾಡುತ್ತವೆ. ಅಣ್ಣ ಊರು ಮುಟ್ಟಿದ್ದು ಶನಿವಾರ ರಾತ್ರಿ. ಭಾನುವಾರ ಅಲ್ಲಿ ಅಂಗಡಿಗಳು ತೆರೆಯುವುದಿಲ್ಲ. ದೊಡ್ಡ ರೈಲು ನಿಲ್ದಾಣಗಳಲ್ಲಿ ಮಾತ್ರ ಏನಾದರೂ ಸಿಕ್ಕೀತು. ಅದು ತಿಳಿಯದೆ ಮೊದಲ ದಿನವನ್ನು ನಿಪ್ಪಟ್ಟಿನಲ್ಲಿ ಕಳೆದ. ಅನೇಕ ಕಡೆ ಹತ್ತು ಗಂಟೆಯ ಪಾಠ ಹತ್ತೂಕಾಲಿಗೆ ಆರಂಭವಾಗುತ್ತದೆ, ಇದಕ್ಕೆ 'ವಿದ್ಯಾಪೀಠದ ಕಾಲುಗಂಟೆ' ಎಂದೇ ಹೆಸರು; ಆದರೆ ವೈದ್ಯರ ಬಳಿಯಾಗಲಿ ಕಚೇರಿಯಲ್ಲಾಗಲಿ ಐದು ನಿಮಿಷ ತಡವಾದರೂ ಮುಖ ಗಂಟಿಕ್ಕುತ್ತಾರೆ. ಅಕ್ಟೋಬರಿನ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಮೊದಲ ವರ್ಷ ಅಣ್ಣನ ಫೋನು ಒಂದು ಗಂಟೆ ತಡವಾಗಿ ಬಂದಾಗ ನಮ್ಮ ಮನೆಯಲ್ಲಿ ಯಾರೂ ಊಟಕ್ಕೆ ಏಳಲಿಲ್ಲ.

ಚಳಿಗಿಂತ ಕತ್ತಲೆ ಕೆಟ್ಟದ್ದೆಂದು ಅಣ್ಣ ಹೇಳುತ್ತಾನೆ. ಡಿಸೆಂಬರಿನಲ್ಲಿ ಎಂಟು ಗಂಟೆಯ ಸುಮಾರಿಗೆ ಬೆಳಕು, ನಾಲ್ಕಕ್ಕೆ ಮತ್ತೆ ದೀಪ. ಆ ದಿನಗಳಲ್ಲಿ ಅವನು "ಚೆನ್ನಾಗಿದೀನಿ" ಎಂದು ಹೇಳಿದ್ದೆಲ್ಲ ಸುಳ್ಳೆಂದು ನಮಗೆ ತಿಳಿದದ್ದು ಎರಡು ವರ್ಷದ ಮೇಲೆ. ಮೇಲೆ ಹೇಳಿದ ವಿದ್ಯಾರ್ಥಿ ಕಲ್ಯಾಣ ಸಂಸ್ಥೆಗಳಲ್ಲಿ ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸಲಹೆಗಾರರಿದ್ದಾರೆ. ಅಲ್ಲಿಗೆ ಹೋಗುವುದು ಹುಚ್ಚರೆಂದು ಅವನು ತಿಳಿದಿದ್ದ. ಹೋಗುವವರಿಗೆ ನನ್ನದೊಂದು ಬೇಡಿಕೆ: ಮನೆಯಲ್ಲಿ ಒಬ್ಬರಿಗಾದರೂ ನಿಜ ಹೇಳಿರಿ, ಅಮ್ಮನಿಗೆ ಬೇಡವೆಂದರೆ ತಂಗಿಗೆ.

ಗಂಟುಮೂಟೆಯ ವಿಷಯದಲ್ಲಿ ನಮ್ಮ ಸೀಮೆಯವರಿಗೆ ಒಂದು ಸ್ವಾರಸ್ಯವಿದೆ. ಹಾಲು ಮತ್ತು ಮಾಂಸದ ಪದಾರ್ಥಗಳನ್ನು ಹೊರದೇಶದಿಂದ ಯುರೋಪಿನ ಒಕ್ಕೂಟಕ್ಕೆ ಒಯ್ಯುವಂತಿಲ್ಲ, ಆದ್ದರಿಂದ ತುಪ್ಪ ಮನೆಯಲ್ಲೇ ಉಳಿಯಬೇಕು. ಹಸಿ ಹಣ್ಣುಕಾಯಿಗಳಿಗೆ ಪ್ರಮಾಣಪತ್ರ ಬೇಕು; ಆ ನಿಯಮದಿಂದ ಬಿಡುಗಡೆ ಪಡೆದ ಐದರಲ್ಲಿ ತೆಂಗಿನಕಾಯಿಯೂ ಒಂದು. ಆದರೆ ಕೊಬ್ಬರಿಯನ್ನು ವಿಮಾನದವರೇ ಮುಟ್ಟುವುದಿಲ್ಲ, ತಾನಾಗಿ ಕಾವೇರಿ ಉರಿಯಬಲ್ಲ ಪದಾರ್ಥವೆಂದು! ದೊಡ್ಡಮ್ಮ ಕಟ್ಟಿಕೊಟ್ಟ ಎರಡು ಸೇರು ಕೊಬ್ಬರಿ ದೇವನಹಳ್ಳಿಯ ನಿಲ್ದಾಣದಿಂದ ನಮ್ಮೊಂದಿಗೇ ಊರಿಗೆ ವಾಪಸಾಯಿತು.

ಇನ್ನು ಬಿ.ಎ. ಓದುವ ನಮ್ಮಂಥವರ ಮಾತು. ಇಂಗ್ಲಿಷಿನಲ್ಲಿ ನಡೆಯುವ ಸ್ನಾತಕೋತ್ತರ ತರಗತಿಗಳು ಇಂಜಿನಿಯರಿಂಗ್, ವಿಜ್ಞಾನಗಳಲ್ಲಿ ಹೆಚ್ಚು. ನಮ್ಮ ಚರಿತ್ರೆ ಸಾಹಿತ್ಯಗಳಲ್ಲಿ ಕಡಿಮೆ, ಹೆಚ್ಚಿನವಕ್ಕೆ ಜರ್ಮನ್ ಭಾಷೆ ಚೆನ್ನಾಗಿ ಬರಬೇಕು. ನಮ್ಮ ಮೂರು ವರ್ಷದ ಪದವಿಯನ್ನು ಕೆಲವರು ಒಪ್ಪುತ್ತಾರೆ, ಕೆಲವರು ಸಾಲದೆನ್ನುತ್ತಾರೆ; ಒಂದೊಂದು ತರಗತಿಗೂ ಬರೆದು ಕೇಳುವುದೇ ದಾರಿ. ೨೦೨೨ರ ನವೆಂಬರಿನಿಂದ ಅಂಕಪಟ್ಟಿಗಳನ್ನು ದೆಹಲಿಯ ಎ.ಪಿ.ಎಸ್. ಎಂಬ ಕಚೇರಿಯಿಂದ ಪರಿಶೀಲಿಸಿಕೊಳ್ಳುವುದು ಕಡ್ಡಾಯವಾಗಿದೆ. ಶುಲ್ಕ ೧೮,೦೦೦ ರೂಪಾಯಿ. ಹಲವು ವಿಶ್ವವಿದ್ಯಾಲಯಗಳ ಅರ್ಜಿಗಳನ್ನು ನೋಡುವ ಯೂನಿ-ಅಸಿಸ್ಟ್ ಎಂಬ ಸಂಸ್ಥೆ ಮೊದಲ ಅರ್ಜಿಗೆ ೭೫ ಯೂರೋ, ಅದೇ ಅವಧಿಯ ಮುಂದಿನ ಒಂದೊಂದಕ್ಕೆ ೩೦ ಯೂರೋ ತೆಗೆದುಕೊಳ್ಳುತ್ತದೆ.

ಈ ಲೆಕ್ಕ ನನಗೆ ಬಾಯಿಪಾಠವಾಗಲು ಕಾರಣವುಂಟು. ಹೋದ ದೀಪಾವಳಿಯಲ್ಲಿ ಅದೇ ಮಧ್ಯವರ್ತಿ ಅಪ್ಪನಿಗೆ ಫೋನು ಮಾಡಿ, ಒಂದೂವರೆ ಲಕ್ಷ ಕೊಟ್ಟರೆ ಮಗಳಿಗೂ ಸೀಟು ಕೊಡಿಸುವೆನೆಂದ. ಅಪ್ಪ ನನ್ನ ಮುಖ ನೋಡಿದರು. ನಾನು ಫೋನು ತೆಗೆದುಕೊಂಡು ಯಾವ ವಿಶ್ವವಿದ್ಯಾಲಯ, ಸರ್ಕಾರದ್ದೋ ಖಾಸಗಿಯೋ, ವರ್ಷದ ಶುಲ್ಕವೆಷ್ಟು ಎಂದು ಮೂರು ಪ್ರಶ್ನೆ ಕೇಳಿದೆ. ಖಾಸಗಿಯದು, ಶುಲ್ಕ ವರ್ಷಕ್ಕೆ ಹತ್ತು ಸಾವಿರ ಯೂರೋಗೆ ಮೇಲೆ. "ಅದೆಲ್ಲ ಆಮೇಲೆ ನೋಡ್ಕೊಳ್ಳೋಣ ತಾಯಿ" ಎಂದ. ಅಪ್ಪ ಹಣ ಕೊಡಲಿಲ್ಲ.

ನಾನು ಈ ವರ್ಷ ಹೋಗುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಕೆಲಸ ಹುಡುಕಿ, ಜೊತೆಗೆ ಜರ್ಮನ್ ಭಾಷೆಯ ಮೊದಲ ಮೆಟ್ಟಿಲಾದ ಎ-೧ ತರಗತಿಗೆ ಸೇರಬೇಕೆಂದಿದ್ದೇನೆ. ಅಣ್ಣ ಕಳಿಸಿದ ಪುಸ್ತಕದಲ್ಲಿ ನಾಲ್ಕು ಪಾಠ ಮುಗಿದಿವೆ. ಅರ್ಜಿಗಳ ಮಾದರಿಗಳೂ ಬ್ಯಾಂಕಿನಲ್ಲಿ ಕೇಳಬೇಕಾದ ಪ್ರಶ್ನೆಗಳ ಪಟ್ಟಿಯೂ ನನ್ನ ಬಳಿ ಇವೆ. ಬೇಕಾದವರು ಶನಿವಾರ ಮಧ್ಯಾಹ್ನ ಗ್ರಂಥಾಲಯದ ಕಿಟಕಿಯ ಪಕ್ಕದ ಮೇಜಿನ ಹತ್ತಿರ ಬಂದರೆ ಸಿಕ್ಕುತ್ತೇನೆ. ಪೆನ್ನು ತರಬೇಕು.