ದಿನಕ್ಕೊಂದು ಹೊಸ ತಿಂಡಿ ಬೇಡ

ಪ್ರಶ್ನೆ: ಅಕ್ಕಾ, ನಾನು ದಾವಣಗೆರೆಯವಳು. ಮನೆಯಲ್ಲೇ ಬ್ಲೌಸ್, ಚೂಡಿದಾರ್ ಹೊಲಿದು ಕೊಡುತ್ತೇನೆ. ಮನೆಯವರು ದಲ್ಲಾಳಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಮಗಳಿಗೆ 11 ವರ್ಷ, ಮಗನಿಗೆ 7. ಅತ್ತೆ ನಮ್ಮ ಜೊತೆಗೇ ಇದ್ದಾರೆ. ಏಪ್ರಿಲ್ ಬಂತೆಂದರೆ ನನಗೆ ಎದೆ ಡವಡವ ಅನ್ನುತ್ತದೆ. ಮಕ್ಕಳಿಗೆ ರಜೆ ಸಿಗುವುದೂ ಮದುವೆ ಸೀಸನ್ನಿನ ಹೊಲಿಗೆ ತಲೆ ಮೇಲೆ ಬೀಳುವುದೂ ಒಟ್ಟೊಟ್ಟಿಗೇ. ಓಣಿಯ ಉಳಿದ ತಾಯಂದಿರು ಮಕ್ಕಳ ಕೈಲಿ ದಿನಕ್ಕೊಂದು ತಿಂಡಿ ಮಾಡಿಸಿ ಸ್ಟೇಟಸ್ ಹಾಕುತ್ತಾರೆ. ಹೋದ ವರ್ಷ ನಾನೂ ಫೋನ್ ನೋಡಿಕೊಂಡು ಮಕ್ಕಳ ಜೊತೆ ಕುಕ್ಕರ್‌ನಲ್ಲಿ ಕೇಕ್ ಮಾಡಲು ಹೋದೆ. ಮೈದಾ ನೆಲಕ್ಕೆಲ್ಲ ಚೆಲ್ಲಿತು, ಕೇಕ್ ತಳ ಹಿಡಿಯಿತು, ಅಷ್ಟರಲ್ಲಿ ಗಿರಾಕಿ ಬಂದು ಬಾಗಿಲಲ್ಲಿ ನಿಂತರು. ನಾನು ಸಿಟ್ಟಿನಲ್ಲಿ ಮಗನಿಗೆ ಎರಡೇಟು ಹಾಕಿದೆ. ಮಗಳು, "ಅಮ್ಮ, ಇನ್ಮೇಲೆ ನಿನ್ ಜೊತೆ ಅಡುಗೆ ಮಾಡಲ್ಲ" ಅಂದಳು. ಆ ಮಾತು ಇನ್ನೂ ಚುಚ್ಚುತ್ತದೆ. ಅತ್ತೆಯವರದು ಬೇರೆ ರಾಗ: "ಗಂಡ್ ಹುಡುಗಂಗೆ ಒಲೆ ಮುಂದೆ ಏನ್ ಕೆಲ್ಸ?" ಈಗ ಮಕ್ಕಳಿಬ್ಬರೂ ಬೆಳಗಿಂದ ರಾತ್ರಿವರೆಗೆ ಮೊಬೈಲ್ ಹಿಡಿದು ಕೂತಿರುತ್ತಾರೆ. ಸಾಲ ಮಾಡಿಯಾದರೂ ಬೇಸಿಗೆ ಶಿಬಿರಕ್ಕೆ ಕಳಿಸಲೇ? ನಾನು ಒಳ್ಳೆ ತಾಯಿಯಲ್ಲವೇನೋ ಎಂದು ರಾತ್ರಿ ಅಳು ಬರುತ್ತದೆ.

ಉತ್ತರ: ತಂಗಿ, ಮೊದಲು ಶಿಬಿರದ ಮಾತು ಮುಗಿಸಿಬಿಡೋಣ. ಸಾಲ ಮಾಡಿ ಕಳಿಸಬೇಡಿ. ಶಿಬಿರ ಕೆಟ್ಟದ್ದೆಂದು ಹೇಳುತ್ತಿಲ್ಲ. ಆದರೆ ನಿಮ್ಮ ಪತ್ರದಲ್ಲಿ ಇರುವ ನೋವು ಶಿಬಿರದಿಂದ ಹೋಗುವಂಥದ್ದಲ್ಲ.

ಆ ಕೇಕಿನ ದಿನವನ್ನು ಇನ್ನೊಮ್ಮೆ ನೋಡಿ. ಕೇಕ್ ನಿಮ್ಮ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ನಿಮಗೂ ಹೊಸದು, ಮಕ್ಕಳಿಗೂ ಹೊಸದು, ಅತ್ತೆಯವರಂತೂ ದೂರ ನಿಂತು ನೋಡುವವರು. ಗುರು ಯಾರೆಂದರೆ ಫೋನು. ಸಾಲದ್ದಕ್ಕೆ ಕೇಕ್ ಚೆನ್ನಾಗಿ ಉಬ್ಬಲೇಬೇಕಿತ್ತು, ಏಕೆಂದರೆ ಫೋಟೊ ತೆಗೆಯಬೇಕಿತ್ತು. ಹೊಲಿಗೆಯ ಅವಸರ ಬೇರೆ. ಇಷ್ಟೆಲ್ಲ ಭಾರ ಹೊತ್ತ ಅಡುಗೆ ಯಾರ ಕೈಯಲ್ಲೂ ಕೆಡುತ್ತದೆ. ನಿಮ್ಮ ಮಗಳು ಬೇಡವೆಂದದ್ದು ಅಡುಗೆಯನ್ನಲ್ಲ, ಆ ಕೂಗಾಟವನ್ನು. ಹಾಗಾಗಿ ಮೊದಲ ಕೆಲಸ ಅವಳ ಹತ್ತಿರ ಕೂತು, "ಹೋದ ವರ್ಷ ನಾನು ಅಷ್ಟು ಕೂಗಬಾರದಿತ್ತು, ತಮ್ಮನಿಗೆ ಹೊಡೆಯಬಾರದಿತ್ತು" ಎಂದು ನೇರವಾಗಿ ಹೇಳುವುದು. ಮಗನಿಗೂ ಹೇಳಿ. ತಾಯಿ ಹೀಗೆ ಹೇಳಿದರೆ ಮಕ್ಕಳ ಮುಂದೆ ಸಣ್ಣವಳಾಗುವುದಿಲ್ಲ. ಹನ್ನೊಂದು ವರ್ಷದ ಹುಡುಗಿಗೆ ಅದು ಚೆನ್ನಾಗಿಯೇ ಅರ್ಥವಾಗುತ್ತದೆ.

ಇನ್ನು ದಿನಕ್ಕೊಂದು ಹೊಸ ತಿಂಡಿ ಎಂಬುದನ್ನು ತಲೆಯಿಂದ ತೆಗೆದುಹಾಕಿ. ಮಕ್ಕಳಿಗೆ ಬೇಕಾದದ್ದು ಹೊಸ ಹೊಸ ತಿಂಡಿಯಲ್ಲ. ಮನೆಯ ನಿಜವಾದ ಕೆಲಸದಲ್ಲಿ ತಮ್ಮದೊಂದು ಪಾಲು ಬೇಕು, ತಾವು ಮಾಡಿದ್ದನ್ನು ಮನೆಮಂದಿ ಹಸಿವಾಗಿ ತಿನ್ನಬೇಕು. ಶಿಕ್ಷಣತಜ್ಞೆ ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯಲ್ಲಿ ಮಕ್ಕಳ ಶಾಲೆ ತೆರೆದಾಗ ಕಂಡುಕೊಂಡದ್ದೂ ಇದನ್ನೇ. ಮಕ್ಕಳು ಆಟಿಕೆಗಳನ್ನು ಬದಿಗಿಟ್ಟು ಗುಡಿಸುವುದು, ತಟ್ಟೆ ಜೋಡಿಸುವುದು, ಊಟ ಬಡಿಸುವುದು, ಇಂಥ ಕೆಲಸಗಳಲ್ಲಿ ಮೈಮರೆಯುತ್ತಿದ್ದರು. ಮಾಂಟೆಸ್ಸರಿ 1939ರಲ್ಲಿ ಮದ್ರಾಸಿಗೆ ಬಂದು ಯುದ್ಧದ ವರ್ಷಗಳಲ್ಲಿ ಇಲ್ಲೇ ಇದ್ದು ನಮ್ಮ ಶಿಕ್ಷಕರಿಗೆ ತರಬೇತಿ ಕೊಟ್ಟರು. ನಮ್ಮ ಅಜ್ಜಿಯಂದಿರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಅವರೆಕಾಳು ಸುಲಿಯಲು ಕೂತರೆ ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು, ಅಷ್ಟೆ.

ಹಾಗಾಗಿ ಇಡೀ ರಜೆಗೆ ಮೂರೋ ನಾಲ್ಕೋ ತಿಂಡಿ ಸಾಕು. ಅವನ್ನೇ ಮತ್ತೆ ಮತ್ತೆ ಮಾಡಲಿ. ಹೊಲಿಗೆ ಕಲಿಯಲು ಬಂದ ಹುಡುಗಿಗೆ ನೀವು ಮೊದಲ ದಿನವೇ ಗಿರಾಕಿಯ ರೇಷ್ಮೆ ಬಟ್ಟೆ ಕತ್ತರಿಸಲು ಕೊಡುವುದಿಲ್ಲ. ಹೆಮ್ಮಿಂಗ್, ಗುಂಡಿ, ಕಾಜಾ ಎಂದು ಕೈ ಪಳಗಿಸುತ್ತೀರಿ. ಅಡುಗೆಯೂ ಹಾಗೇ ಬರಲಿ.

ನಿಮ್ಮ ಊರಿನವರಿಗೆ ನಾನು ಹೇಳುವ ಮೊದಲ ತಿಂಡಿ ಒಗ್ಗರಣೆ ಮಂಡಕ್ಕಿ. ಇದರಲ್ಲಿ ಏಳು ವರ್ಷದವನಿಗೂ ಕೆಲಸವಿದೆ, ಹನ್ನೊಂದರವಳಿಗೂ ಇದೆ. ಅಗಲವಾದ ಪಾತ್ರೆಯಲ್ಲಿ ನೀರು ಹಾಕಿ ಮಗನ ಮುಂದಿಡಿ. ಅವನು ಮಂಡಕ್ಕಿ ಸುರಿದು, ಅಂಗೈಯಿಂದ ಒಮ್ಮೆ ಅದುಮಿ, ಕೂಡಲೇ ಹಿಡಿ ಹಿಡಿಯಾಗಿ ತೆಗೆದು ಹಿಂಡಿ ಬುಟ್ಟಿಗೆ ಹಾಕಬೇಕು. ಮೊದಲ ಸಲ ಅವನು ನೀರಲ್ಲಿ ಆಡುತ್ತಾ ಕೂರುತ್ತಾನೆ, ಮಂಡಕ್ಕಿ ಮೆತ್ತಗಾಗಿ ಮುದ್ದೆಯಾಗುತ್ತದೆ. ಬೈಯಬೇಡಿ. ಆ ಮುದ್ದೆಗೇ ಒಗ್ಗರಣೆ ಹಾಕಿ ಎಲ್ಲರೂ ತಿನ್ನಿ. ಎರಡನೆಯ ಸಲ ಅವನ ಕೈ ತಾನೇ ಬೇಗ ಬೇಗ ಓಡುತ್ತದೆ. ಪುಟಾಣಿ ಪುಡಿ ಮಾಡುವುದೂ ಅವನದೇ ಕೆಲಸ ಇರಲಿ. ಮಿಕ್ಸಿ ಬೇಡ, ಕುಟ್ಟಾಣಿ ಕೊಡಿ, ನೆಲದ ಮೇಲೆ ಗೋಣಿತಟ್ಟು ಹಾಸಿ ಕೂರಿಸಿ. ಹೋದ ವರ್ಷ ನಿಮಗೆ ಗದ್ದಲವೆನಿಸಿದ ಅವನ ಶಕ್ತಿಗೆ ಅಲ್ಲಿ ಒಂದು ಉದ್ಯೋಗ ಸಿಗುತ್ತದೆ.

ಮಗಳು ಈರುಳ್ಳಿ, ಟೊಮೆಟೊ, ಹಸಿಮೆಣಸಿನಕಾಯಿ ಹೆಚ್ಚಲಿ. ನೀವು ಪಕ್ಕದಲ್ಲಿದ್ದಾಗ ಒಗ್ಗರಣೆಯನ್ನೂ ಅವಳೇ ಹಾಕಲಿ. ಸಾಸಿವೆ ಸಿಡಿಯುವಾಗ ಮುಚ್ಚಳ ಅಡ್ಡ ಹಿಡಿಯುವುದು, ಅರಿಸಿನ ಹಾಕುವ ಮುಂಚೆ ಉರಿ ಸಣ್ಣ ಮಾಡುವುದು, ಬಾಣಲೆಯ ಹಿಡಿಯನ್ನು ಒಳಗಡೆಗೆ ತಿರುಗಿಸಿಡುವುದು, ಇವನ್ನು ಬಾಯಲ್ಲಿ ಹೇಳಿದರೆ ಸಾಲದು, ಮಾಡಿ ತೋರಿಸಿ. ಒಲೆ ಮುಂದೆ ನಿಂತಾಗ ಹತ್ತಿ ಬಟ್ಟೆ ಇರಲಿ, ದುಪಟ್ಟಾ ಬೇಡ. ಮಗ ಒಲೆಯ ಹತ್ತಿರ ಈ ವರ್ಷ ಬೇಡ. ಕುಕ್ಕರ್, ಕುದಿಯುವ ನೀರು, ಕಾದ ಎಣ್ಣೆ ಮೂರೂ ದೊಡ್ಡವರ ಕೈಯಲ್ಲೇ ಇರಲಿ. ಅಕಸ್ಮಾತ್ ಕೈ ಸುಟ್ಟರೆ ಕೂಡಲೇ ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಇಂಕು, ತುಪ್ಪ, ಐಸ್ ಯಾವುದನ್ನೂ ಹಚ್ಚಬೇಡಿ. ಬೊಬ್ಬೆ ದೊಡ್ಡದಾದರೆ ಡಾಕ್ಟರ ಹತ್ತಿರ ಹೋಗಿ.

ಒಂದು ಸಂಜೆ ಮಕ್ಕಳನ್ನು ಅವರ ಅಪ್ಪ ಮಂಡಕ್ಕಿ ಭಟ್ಟಿಯ ಕಡೆ ಕರೆದುಕೊಂಡು ಹೋಗಲಿ. ಕಾದ ಮರಳಿಗೆ ಬಿದ್ದ ಅಕ್ಕಿ ಕಣ್ಣು ಮಿಟುಕಿಸುವುದರೊಳಗೆ ಅರಳುವುದನ್ನು ದೂರ ನಿಂತು ನೋಡಿದ ಮಕ್ಕಳು ಆಮೇಲೆ ಮಂಡಕ್ಕಿಯನ್ನು ನೆಲಕ್ಕೆ ಚೆಲ್ಲುವಾಗ ಒಂದು ಸಲ ಯೋಚಿಸುತ್ತಾರೆ. ಆ ಬಿಸಿಯಲ್ಲಿ ದುಡಿಯುವವರ ಮುಖವನ್ನೂ ನೋಡಲಿ.

ಒಲೆಯೇ ಬೇಡದ ತಿಂಡಿಗಳೂ ಎರಡಿರಲಿ. ಒಂದು ಪಾನಕ. ಬೆಲ್ಲ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಏಲಕ್ಕಿ ಕುಟ್ಟಿ, ನಿಂಬೆಹಣ್ಣು ಹಿಂಡಿದರೆ ಮುಗಿಯಿತು. ಏಲಕ್ಕಿ ಜೊತೆ ಒಂದು ಚಮಚ ಸಕ್ಕರೆ ಹಾಕಿ ಕುಟ್ಟಿದರೆ ಸಣ್ಣ ಕೈಗೂ ನುಣ್ಣಗೆ ಬರುತ್ತದೆ. ಸೋಸಿದ ಬಟ್ಟೆಯ ಮೇಲೆ ಉಳಿದ ಕಸಕಡ್ಡಿ ನೋಡಿದ ಮೇಲೆ ಸೋಸುವುದು ಏಕೆಂದು ಯಾರೂ ವಿವರಿಸಬೇಕಾಗಿಲ್ಲ. ಇನ್ನೊಂದು ಕೋಸಂಬರಿ. ಹೆಸರುಬೇಳೆಯನ್ನು ಒಂದು ಗಂಟೆ ನೆನೆಸಿ, ಸೌತೆಕಾಯಿ ತುರಿದು, ಕೊತ್ತಂಬರಿ, ಕಾಯಿತುರಿ ಸೇರಿಸಿದರಾಯಿತು. ಇದರಲ್ಲಿ ಒಂದು ಪರೀಕ್ಷೆ ಮಾಡಿಸಿ. ಒಂದು ಬಟ್ಟಲಿಗೆ ಮೊದಲೇ ಉಪ್ಪು ಹಾಕಲಿ, ಇನ್ನೊಂದಕ್ಕೆ ತಿನ್ನುವ ಹೊತ್ತಿಗೆ ಹಾಕಲಿ. ಮೊದಲಿನದು ಸೌತೆಯ ನೀರೆಲ್ಲ ಹೊರಬಿಟ್ಟು ತೊಪ್ಪೆಯಾಗಿರುತ್ತದೆ. ಉಪ್ಪು ನೀರನ್ನು ಹೊರಗೆಳೆಯುತ್ತದೆ ಎಂಬುದು ಮಗಳಿಗೆ ಮುಂದೆ ಹೈಸ್ಕೂಲಿನಲ್ಲಿ ಪಾಠವಾಗಿ ಬರುತ್ತದೆ, ಈಗಲೇ ನಾಲಿಗೆಗೆ ಗೊತ್ತಾಗಲಿ.

ಅತ್ತೆಯವರ ವಿಷಯ. ನಿಮ್ಮ ಪತ್ರ ಓದಿದರೆ ಅಡುಗೆಮನೆ ಇನ್ನೂ ಅವರದೇ ಸುಪರ್ದಿನಲ್ಲಿದೆ ಅನ್ನಿಸುತ್ತದೆ. ಅವರ ಅಡುಗೆಮನೆಗೆ ನೀವು ಫೋನನ್ನು ಗುರುವಾಗಿ ಕರೆತಂದಿರಿ. ಅದು ಅವರಿಗೆ ಹಿತವಾಗಿರಲಾರದು. ಈ ಬೇಸಿಗೆ ಅವರನ್ನೇ ಗುರು ಮಾಡಿ. "ಅತ್ತೆ, ನನಗೆ ಹೊಲಿಗೆ ಮುಗಿಯಲ್ಲ, ಮಕ್ಕಳಿಗೆ ಸಂಡಿಗೆ ಹಾಕೋದು ನೀವೇ ಕಲಿಸಿ" ಅನ್ನಿ. ಬಹುಮಟ್ಟಿಗೆ ಒಪ್ಪುತ್ತಾರೆ. ಎಂಜಲು, ಮುಸುರೆ, ಕೈ ತೊಳೆದು ಮುಟ್ಟುವುದು ಎಂಬ ಅವರ ಕಟ್ಟುಪಾಡುಗಳನ್ನು ಮಕ್ಕಳು ಪಾಲಿಸಲಿ. ನೀವು ನಡುವೆ ಹೋಗಬೇಡಿ.

ಗಂಡು ಹುಡುಗನ ಮಾತಿಗೆ ವಾದ ಮಾಡಿ ಗೆಲ್ಲಲು ಹೋಗಬೇಡಿ, ಆದರೆ ಬಿಟ್ಟೂ ಕೊಡಬೇಡಿ. ನಿಮ್ಮ ಊರಿನ ಕಥೆಯೇ ನಿಮ್ಮ ಕೈಲಿದೆ. ಬೆಳಗಾವಿ ಕಡೆಯಿಂದ 1928ರ ಸುಮಾರಿಗೆ ಬಂದ ಚೆನ್ನಮ್ಮ ಎಂಬ ತಾಯಿ ನಾಟಕ ನಡೆಯುವ ಜಾಗದ ಬಳಿ ದೋಸೆ ಹಾಕಿ ಮಾರಿ ಮಕ್ಕಳನ್ನು ಸಾಕಿದರು, ಅವರ ಗಂಡುಮಕ್ಕಳೇ ಮುಂದೆ ಬೆಣ್ಣೆ ದೋಸೆಯನ್ನು ಬೆಳೆಸಿದರು ಎಂದು ದಾವಣಗೆರೆಯಲ್ಲಿ ಹಿರಿಯರೆಲ್ಲ ಹೇಳುತ್ತಾರೆ. ಇವತ್ತಿಗೂ ಆ ಕಾವಲಿಗಳ ಮುಂದೆ ನಿಂತು ಬೆವರು ಸುರಿಸುವವರು ಹೆಚ್ಚಾಗಿ ಗಂಡಸರೇ. ಮದುವೆ ಛತ್ರದ ಅಡುಗೆ ಭಟ್ಟರೂ ಅವರೇ. ದುಡ್ಡಿಗಾಗಿ ಒಲೆ ಮುಂದೆ ನಿಂತರೆ ಗೌರವ, ಮನೆಮಂದಿಗಾಗಿ ನಿಂತರೆ ಅವಮಾನ ಎಂಬುದನ್ನು ನಾನು ಒಪ್ಪಲಾರೆ. ಇದನ್ನು ಅತ್ತೆಯವರಿಗೆ ನೀವು ಹೇಳುವುದಕ್ಕಿಂತ ಅವರ ಮಗ ಹೇಳಬೇಕು. ಹೇಳುವುದಕ್ಕಿಂತಲೂ ಮಾಡಿ ತೋರಿಸಬೇಕು. ಭಾನುವಾರ ಬೆಳಗ್ಗೆ ಅವರೂ ಒಂದು ಈಳಿಗೆ ಹಿಡಿದು ಮಗನ ಪಕ್ಕ ಕೂರಲಿ.

ಹೊತ್ತಿನ ವಿಷಯದಲ್ಲಿ ನನ್ನ ಸಲಹೆ ಇಷ್ಟೇ: ಬೆಳಗ್ಗೆ ಬಿಸಿಲೇರುವ ಮೊದಲು ಒಂದು ಗಂಟೆ ಮಕ್ಕಳ ಜೊತೆ ಅಡುಗೆಮನೆಯಲ್ಲಿರಿ, ಮೆಷಿನ್ನಿಗೆ ಬಟ್ಟೆ ಮುಚ್ಚಿ, ಫೋನ್ ಬೇರೆ ಕೋಣೆಯಲ್ಲಿಡಿ. ಆಮೇಲೆ ಹೊಲಿಗೆಗೆ ಕೂತರೆ ಮನಸ್ಸಿನಲ್ಲಿ ಅಳುಕು ಇಟ್ಟುಕೊಳ್ಳಬೇಡಿ. ಮಧ್ಯಾಹ್ನ "ಬೇಜಾರು, ಬೇಜಾರು" ಎಂದು ಮಕ್ಕಳು ಸುತ್ತಿಕೊಂಡರೆ ಏನಾದರೂ ಒದಗಿಸಲೇಬೇಕೆಂದು ಎದ್ದು ಬರಬೇಡಿ. ಬೇಜಾರಾದ ಮಕ್ಕಳು ಸ್ವಲ್ಪ ಹೊತ್ತು ಗೊಣಗಿ ಆಮೇಲೆ ಚೌಕಾಬಾರವನ್ನೋ ನಿಮ್ಮ ಚಿಂದಿ ಬಟ್ಟೆಯನ್ನೋ ಹುಡುಕಿಕೊಳ್ಳುತ್ತಾರೆ. ಮೊಬೈಲನ್ನು ಪೂರ್ತಿ ಕಿತ್ತುಕೊಳ್ಳಲೂ ಬೇಡಿ, "ಅಡುಗೆ ಮಾಡಿದರೆ ಮೊಬೈಲ್ ಕೊಡ್ತೀನಿ" ಎಂದು ಲಂಚವಾಗಿ ಕೊಡಲೂ ಬೇಡಿ. ಐದರಿಂದ ಹತ್ತು ವರ್ಷದ ಮಕ್ಕಳಿಗೆ ದಿನಕ್ಕೆ 2 ಗಂಟೆಗಿಂತ ಕಡಿಮೆ ಇರಲಿ ಎಂದು ಮಕ್ಕಳ ವೈದ್ಯರ ರಾಷ್ಟ್ರೀಯ ಸಂಘ ಹೇಳಿದೆ. ಆ ಹೊತ್ತು ಯಾವುದೆಂದು ನಿಗದಿ ಮಾಡಿ, ದೊಡ್ಡವರೂ ಪಾಲಿಸಿ.

ಸಿಟ್ಟು ಮತ್ತೆ ಬರುತ್ತದೆ. ಬಂದಾಗ ಒಲೆ ಆರಿಸಿ, ಅಡುಗೆಮನೆಯಿಂದ ಹೊರಗೆ ಬಂದು ಮುಖಕ್ಕೆ ನೀರು ಹಾಕಿಕೊಳ್ಳಿ. ಆ ತಿಂಡಿ ಅವತ್ತು ಆಗದಿದ್ದರೂ ಪರವಾಗಿಲ್ಲ. ಕೈ ಮಾತ್ರ ಎತ್ತಬೇಡಿ. ಮತ್ತೊಂದು ಮಾತು, ರಾತ್ರಿ ಅಳು ಬರುತ್ತದೆ ಎಂದು ಬರೆದಿದ್ದೀರಿ. ಮದುವೆ ಸೀಸನ್ನಿನಲ್ಲಿ ನೀವು ನಿದ್ದೆಗೆಡುತ್ತಿರಬಹುದು. ಈ ವರ್ಷ ನಾಲ್ಕು ಬ್ಲೌಸ್ ಕಡಿಮೆ ಒಪ್ಪಿಕೊಳ್ಳಲು ಆಗುತ್ತದೆಯೇ ಎಂದು ಮನೆಯವರ ಜೊತೆ ಕೂತು ಲೆಕ್ಕ ಹಾಕಿ. ಹಾಗಿದ್ದೂ ಅಳು ನಿಲ್ಲದಿದ್ದರೆ, ನಿದ್ದೆ ಬಾರದಿದ್ದರೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು. ನೀವು ಕೆಟ್ಟ ತಾಯಿಯಲ್ಲ. ದಣಿದ ತಾಯಿ.

ಸಂಡಿಗೆಗೆ ಬರೋಣ, ಅದಕ್ಕೆ ಕಾಲ ಮೀರಬಾರದು. ಅರ್ಧ ಕೆಜಿ ಸಬ್ಬಕ್ಕಿ ಸಾಕು. ರಾತ್ರಿ ನೆನೆಸುವುದು ಮಗನ ಕೆಲಸ. ಬೆಳಗ್ಗೆ ಅತ್ತೆಯವರು ಅದನ್ನು ನೀರಿನಲ್ಲಿ ಕಾಳು ಕನ್ನಡಿಯಂತಾಗುವವರೆಗೆ ಬೇಯಿಸಿ, ಜೀರಿಗೆ, ಹಸಿಮೆಣಸಿನಕಾಯಿ ರುಬ್ಬಿ ಹಾಕಲಿ. ಉಪ್ಪು ನಾಲಿಗೆಗೆ ಸ್ವಲ್ಪ ಸಪ್ಪೆ ಅನ್ನಿಸುವಷ್ಟೇ ಇರಬೇಕು, ಒಣಗಿದಾಗ ಅದು ಎದ್ದು ಕಾಣುತ್ತದೆ. ಬಿಸಿ ಗಂಜಿ ಮೈಮೇಲೆ ಬಿದ್ದರೆ ಅಂಟಿಕೊಂಡು ಸುಡುತ್ತದೆ, ಹಾಗಾಗಿ ಆರಿ ಬೆಚ್ಚಗಾದ ಮೇಲಷ್ಟೇ ಮಕ್ಕಳ ಮುಂದಿಡಿ. ತಾರಸಿಯಲ್ಲಿ ಹಾಳೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ಬಿಸಿಲು ಚುರುಕಾಗುವ ಮೊದಲೇ ಇಬ್ಬರೂ ಚಮಚದಲ್ಲಿ ಹಾಕುತ್ತಾ ಬರಲಿ. ಮಗಳದು ಸಾಲಾಗಿ ಗುಂಡಗೆ ಬರುತ್ತದೆ, ಮಗನದು ಬಾಲ, ಮೂತಿ ಎಲ್ಲ ಬರುತ್ತದೆ. ಎಲ್ಲವೂ ಎಣ್ಣೆಯಲ್ಲಿ ಅರಳುತ್ತವೆ. ಕಾಗೆ ಕಾಯುವ ಪಾಳಿಯನ್ನು ಅವರೇ ಹಂಚಿಕೊಳ್ಳಲಿ, ನೆರಳಲ್ಲಿ ಕೂತು. ಸಂಜೆಗೆ ಅರೆ ಒಣಗಿದ ಸಂಡಿಗೆ ಒಂದಷ್ಟು ಕಾಣೆಯಾಗಿರುತ್ತವೆ. ಕೇಳಲು ಹೋಗಬೇಡಿ. ಮಾರನೆಯ ದಿನ ಮಗುಚಿ ಹಾಕಿ, ಡಬ್ಬಿಯಲ್ಲಿ ಅಲ್ಲಾಡಿಸಿದರೆ ಗಲಗಲ ಅನ್ನುವವರೆಗೆ ಒಣಗಿಸಿ.

ಮೇ ತಿಂಗಳಲ್ಲಿ ಸಂಜೆ ಮಳೆ ಹಿಡಿದುಕೊಂಡರೆ ಸಂಡಿಗೆ ಒಣಗದೆ ಬೂಸಲು ಬರುತ್ತದೆ. ಆದ್ದರಿಂದ ಅತ್ತೆಯವರನ್ನು ಈ ವಾರವೇ ಕೇಳಿ, ಸಬ್ಬಕ್ಕಿ ತರಲು ಮಕ್ಕಳನ್ನೇ ಅಂಗಡಿಗೆ ಕಳಿಸಿ.