ಹಿತ್ತಲಿಗೆ ಡೆಕ್: ಗುಂಡಿ ತೋಡುವ ಮೊದಲು ಪರ್ಮಿಟ್

ಅಮೆರಿಕದಲ್ಲಿ ಮನೆ ಕೊಂಡ ನಮ್ಮವರ ಕಣ್ಣು ಒಂದೆರಡು ಚಳಿಗಾಲ ಕಳೆಯುವಷ್ಟರಲ್ಲಿ ಹಿತ್ತಲ ಕಡೆ ಹೊರಳುತ್ತದೆ. ಊರಿಂದ ಅಪ್ಪ-ಅಮ್ಮ ಬಂದಾಗ ಸಂಜೆ ಕಾಫಿಗೆ ಕೂರಲು, ಗಣೇಶನ ಹಬ್ಬಕ್ಕೆ ಬಂದವರಿಗೆ ಊಟ ಹಾಕಲು ಮರದ ಡೆಕ್ ಒಂದಿದ್ದರೆ ಎನಿಸುತ್ತದೆ. ನೋಡಲು ನಮ್ಮ ಜಗಲಿಯ ಹಾಗೇ. ಆದರೆ ಜಗಲಿ ನೆಲದ ಮೇಲೆ ಕೂತಿರುತ್ತದೆ, ಡೆಕ್ ನಾಲ್ಕು ಕಂಬ, ಒಂದು ಹಲಗೆಯನ್ನು ನಂಬಿ ನಿಂತಿರುತ್ತದೆ. ಪರ್ಮಿಟ್ ಕೇಳುವುದು ಅದಕ್ಕೇ. 2003ರ ಜೂನ್ 29ರಂದು ಷಿಕಾಗೊದ ಲಿಂಕನ್ ಪಾರ್ಕ್ ಪ್ರದೇಶದಲ್ಲಿ ಪಾರ್ಟಿ ನಡೆಯುತ್ತಿದ್ದಾಗ ಮನೆಯ ಹಿಂಬದಿಯ ಮರದ ಪೋರ್ಚ್ ಕುಸಿದು 13 ಮಂದಿ ಸತ್ತರು. ಅದನ್ನು ಪರ್ಮಿಟ್ ಇಲ್ಲದೆ ಕಟ್ಟಲಾಗಿತ್ತು ಎಂದು ನಗರಾಡಳಿತ ಹೇಳಿತು.

ನಿಮಗೆ ಪರ್ಮಿಟ್ ಬೇಕೇ?

ಬಹುತೇಕ ರಾಜ್ಯಗಳು ಇಂಟರ್‌ನ್ಯಾಷನಲ್ ರೆಸಿಡೆನ್ಷಿಯಲ್ ಕೋಡ್ ಅನ್ನು ತಮಗೆ ಬೇಕಾದಂತೆ ತಿದ್ದಿಕೊಂಡು ಬಳಸುತ್ತವೆ. ಅದರ ಪ್ರಕಾರ ಡೆಕ್ 200 ಚದರ ಅಡಿ ಮೀರಬಾರದು, ಎಲ್ಲಿಯೂ ನೆಲದಿಂದ 30 ಇಂಚಿಗಿಂತ ಎತ್ತರ ಇರಬಾರದು, ಮನೆಗೆ ಅಂಟಿಕೊಂಡಿರಬಾರದು, ಮನೆಯ ಮುಖ್ಯ ನಿರ್ಗಮನ ಬಾಗಿಲಿಗೆ ದಾರಿಯಾಗಿರಬಾರದು. ಈ ನಾಲ್ಕೂ ಒಟ್ಟಿಗೆ ಕೂಡಿಬಂದರೆ ಮಾತ್ರ ವಿನಾಯಿತಿ. ಜನ ಎಡವುವುದು ಇಲ್ಲೇ. 12 ಅಡಿಗೆ 16 ಅಡಿ ಎಂದರೆ 192 ಚದರ ಅಡಿ, ಹಾಗಾಗಿ ಪರ್ಮಿಟ್ ಬೇಡ ಎಂದುಕೊಳ್ಳುತ್ತಾರೆ. ಗೋಡೆಗೆ ಜೋಡಿಸಿದಿರೋ, ವಿನಾಯಿತಿ ಹೋಯಿತು. ನಿಮ್ಮ ಕೌಂಟಿಯ ನಿಯಮ ಇನ್ನೂ ಬಿಗಿಯಾಗಿರಬಹುದು. ಕಟ್ಟಡ ಇಲಾಖೆಗೆ ಒಂದು ಫೋನ್ ಮಾಡಿದರೆ ಸಂಶಯ ತೀರುತ್ತದೆ.

ಕಾಗದಪತ್ರ

ಮನೆ ಕೊಂಡಾಗ ಕೈಗೆ ಬಂದ ಸರ್ವೆ ನಕ್ಷೆಯನ್ನು ಹುಡುಕಿ ತೆಗೆಯಿರಿ. ಅದರ ಮೇಲೆ ಡೆಕ್ ಅನ್ನು ಅಳತೆಗೆ ಸರಿಯಾಗಿ ಬರೆದು, ಪಕ್ಕದ ಗಡಿಗಳಿಂದ ಎಷ್ಟು ದೂರ ಎಂದು ನಮೂದಿಸಿ. ಗಡಿಯಿಂದ ಖಾಲಿ ಬಿಡಬೇಕಾದ ಸೆಟ್‌ಬ್ಯಾಕ್ ಜಾಗಕ್ಕೆ, ಪೈಪು-ತಂತಿಗಳಿಗೆಂದು ಬಿಟ್ಟ ಈಸ್‌ಮೆಂಟ್ ಪಟ್ಟಿಗೆ ಡೆಕ್ ಕಾಲು ಚಾಚುವಂತಿಲ್ಲ. ಸೆಪ್ಟಿಕ್ ಟ್ಯಾಂಕ್ ಇರುವ ಮನೆಯಾದರೆ ಅದು ಎಲ್ಲಿದೆ ಎಂಬುದನ್ನೂ ತೋರಿಸಿ. ಬಡಾವಣೆಯಲ್ಲಿ ಮನೆ ಮಾಲೀಕರ ಸಂಘ (ಎಚ್‌ಒಎ) ಇದ್ದರೆ ಅದರ ಒಪ್ಪಿಗೆ ಬೇರೆಯೇ. ಅವರು ಹೂಂ ಅಂದರೂ ಕೌಂಟಿ ಬೇಡ ಅನ್ನಬಹುದು, ಕೌಂಟಿ ಕೊಟ್ಟರೂ ಅವರು ತಡೆಯಬಹುದು. ಬಣ್ಣ, ಕಟಕಟೆಯ ವಿನ್ಯಾಸದಂಥ ತಕರಾರು ಎಚ್‌ಒಎ ಕಡೆಯಿಂದಲೇ ಹೆಚ್ಚು ಬರುವುದರಿಂದ ಅದನ್ನು ಮೊದಲು ಮುಗಿಸಿಕೊಳ್ಳುವುದು ಜಾಣತನ.

ಡೆಕ್‌ನ ನಕ್ಷೆಗೆ ಎಂಜಿನಿಯರ್ ಬೇಕೆಂದೇನಿಲ್ಲ. ಅಮೆರಿಕನ್ ವುಡ್ ಕೌನ್ಸಿಲ್‌ನ ಡಿಸಿಎ-6 ಎಂಬ ಕೈಪಿಡಿ ಉಚಿತವಾಗಿ ಸಿಗುತ್ತದೆ, ಎಷ್ಟೋ ಕೌಂಟಿಗಳು ತಮ್ಮದೇ ಸಿದ್ಧ ನಕ್ಷೆ ಕೊಡುತ್ತವೆ. ಹಾಟ್ ಟಬ್ ಇಡುವ ಆಸೆ ಇದ್ದರೆ ಮಾತ್ರ ಎಂಜಿನಿಯರ್ ಬಳಿ ಹೋಗಿ. ಮಾಮೂಲಿ ಡೆಕ್‌ಗೆ ಚದರ ಅಡಿಗೆ 40 ಪೌಂಡ್ ಭಾರದ ಲೆಕ್ಕ. 192 ಚದರ ಅಡಿಗೆ 7,680 ಪೌಂಡ್, ಅಂದರೆ ಸುಮಾರು ಮೂರೂವರೆ ಟನ್. ಹಬ್ಬದ ಜನ ತುಂಬಿದರೂ ತಡೆದೀತು, ಎಲ್ಲ ಜೋಡಣೆಯೂ ಸರಿಯಿದ್ದರೆ.

ಆ ‘ಸರಿಯಿದ್ದರೆ’ ನಿಂತಿರುವುದು ಲೆಡ್ಜರ್ ಬೋರ್ಡ್ ಮೇಲೆ. ಡೆಕ್ ಅನ್ನು ಮನೆಯ ಗೋಡೆಗೆ ಸೇರಿಸುವ ಹಲಗೆ ಅದು. ಬರೀ ಮೊಳೆ ಹೊಡೆದು ಅದನ್ನು ನಿಲ್ಲಿಸುವಂತಿಲ್ಲ, ಅರ್ಧ ಇಂಚಿನ ಬೋಲ್ಟ್ ಇಲ್ಲವೇ ಲ್ಯಾಗ್ ಸ್ಕ್ರೂಗಳು ಮನೆಯ ಚೌಕಟ್ಟಿನ ಮರವನ್ನೇ ಹಿಡಿಯಬೇಕು. ಗೋಡೆಗೂ ಹಲಗೆಗೂ ನಡುವೆ ನೀರಿಳಿಯದಂತೆ ಫ್ಲ್ಯಾಶಿಂಗ್ ತಗಡು ಬೇಕು. ಇಲ್ಲದಿದ್ದರೆ ಹೊರಗೆ ಹೊಸದರಂತೆ ಕಾಣುವ ಡೆಕ್‌ನ ಹಿಂದೆ ಮರ ಸದ್ದಿಲ್ಲದೆ ಕೊಳೆಯುತ್ತಿರುತ್ತದೆ. ಹೊರಗೋಡೆ ಇಟ್ಟಿಗೆಯದಾಗಿದ್ದರೆ ಎಚ್ಚರ: ಅಲ್ಲಿನ ಇಟ್ಟಿಗೆ ಬಹಳ ಮನೆಗಳಲ್ಲಿ ಬರೀ ಹೊದಿಕೆ, ಭಾರ ಹೊರುವುದಿಲ್ಲ. ಅದಕ್ಕೆ ಲೆಡ್ಜರ್ ಕೂರಿಸುವಂತಿಲ್ಲ. ಮನೆಯ ಪಕ್ಕದಲ್ಲೂ ಕಂಬ ಕೊಟ್ಟು ಡೆಕ್ ಅನ್ನು ಸ್ವತಂತ್ರವಾಗಿ ನಿಲ್ಲಿಸುವುದೇ ಸಾಮಾನ್ಯ ದಾರಿ. ಕೌಂಟಿಯವರು ನಕ್ಷೆಯಲ್ಲಿ ಮೊದಲು ನೋಡುವುದೂ, ತಿದ್ದಿ ತನ್ನಿ ಎಂದು ವಾಪಸ್ ಕಳಿಸುವುದೂ ಹೆಚ್ಚಾಗಿ ಈ ಜೋಡಣೆಯ ವಿಷಯಕ್ಕೇ.

ಪರ್ಮಿಟ್ ಕೈಗೆ ಬಂದ ಮೇಲೆ

ಅಗೆಯುವ ಕೆಲವು ದಿನ ಮುಂಚೆ 811ಕ್ಕೆ ಕರೆ ಮಾಡಿ. ಉಚಿತ ಸೇವೆ. ಹುಲ್ಲಿನ ಮೇಲೆ ವಿದ್ಯುತ್ತಿಗೆ ಕೆಂಪು, ಗ್ಯಾಸಿಗೆ ಹಳದಿ, ಕುಡಿಯುವ ನೀರಿಗೆ ನೀಲಿ, ಒಳಚರಂಡಿಗೆ ಹಸಿರು ಗೆರೆ ಎಳೆದು ಹೋಗುತ್ತಾರೆ.

ಗುಂಡಿಯ ಆಳ ಊರಿನ ಚಳಿಯನ್ನು ಅವಲಂಬಿಸಿದೆ. ನೆಲದೊಳಗಿನ ನೀರು ಹೆಪ್ಪುಗಟ್ಟಿ ಉಬ್ಬಿದರೆ ಪಾಯವನ್ನೇ ಮೇಲೆತ್ತಿಬಿಡುತ್ತದೆ. ಅದಕ್ಕೇ ಪಾಯ ಹೆಪ್ಪುಗಟ್ಟುವ ಮಟ್ಟಕ್ಕಿಂತ ಕೆಳಗಿರಬೇಕು: ಷಿಕಾಗೊದಲ್ಲಿ 42 ಇಂಚು, ಮಿನ್ನೆಸೋಟದ ಉತ್ತರ ಭಾಗದಲ್ಲಿ 60 ಇಂಚು. ಇನ್‌ಸ್ಪೆಕ್ಟರ್ ಬಂದು ಖಾಲಿ ಗುಂಡಿಗೆ ಟೇಪ್ ಇಳಿಬಿಟ್ಟು ನೋಡುವವರೆಗೆ ಕಾಂಕ್ರೀಟ್ ಸುರಿಯಬೇಡಿ. ಸುರಿದಿದ್ದರೆ ಮತ್ತೆ ಅಗೆಸುವ ಅಧಿಕಾರ ಅವರಿಗಿದೆ.

ತೊಲೆ, ಅಡ್ಡಪಟ್ಟಿಗಳಾದ ಮೇಲೆ ಸಾಮಾನ್ಯವಾಗಿ ಇನ್ನೊಂದು ತಪಾಸಣೆ, ಎಲ್ಲ ಮುಗಿದ ಮೇಲೆ ಕೊನೆಯದು. ಕೊನೆಯದರಲ್ಲಿ ಕಟಕಟೆಯೇ ಮುಖ್ಯ. ಡೆಕ್ 30 ಇಂಚಿಗಿಂತ ಎತ್ತರವಿದ್ದರೆ ಕಟಕಟೆ ಕಡೇಪಕ್ಷ 36 ಇಂಚು ಇರಬೇಕು. ಕಂಬಿಗಳ ಸಂದಿಯಲ್ಲಿ 4 ಇಂಚಿನ ಚೆಂಡು ತೂರಬಾರದು, ಮಗುವಿನ ತಲೆ ಸಿಕ್ಕಿಕೊಳ್ಳಬಾರದೆಂಬ ಕಾಳಜಿ. ಮೆಟ್ಟಿಲಿನ ಎತ್ತರ ಏಳೂಮುಕ್ಕಾಲು ಇಂಚು ದಾಟುವಂತಿಲ್ಲ. ಮಂಡಿನೋವಿನ ಅಮ್ಮಂದಿರನ್ನು ನೆನೆದರೆ ಇನ್ನೂ ತಗ್ಗಿಸುವುದು ಒಳ್ಳೆಯದು.

ಕಂಟ್ರಾಕ್ಟರ್ “ಪರ್ಮಿಟ್ ನಿಮ್ಮ ಹೆಸರಲ್ಲೇ ತೆಗೆಸಿಬಿಡಿ ಸರ್, ಬೇಗ ಆಗುತ್ತೆ” ಎಂದರೆ ಅವನ ಲೈಸೆನ್ಸ್ ಎಲ್ಲಿದೆ ಎಂದು ಕೇಳಿ. ಪರ್ಮಿಟ್ಟಿನಲ್ಲಿ ಯಾರ ಹೆಸರೋ ತಪ್ಪಿನ ಹೊಣೆಯೂ ಅವರ ಮೇಲೇ ಬರುತ್ತದೆ. ಪರ್ಮಿಟ್ಟೇ ಬೇಡ ಎನ್ನುವವನನ್ನು ಬಾಗಿಲಲ್ಲೇ ಬೀಳ್ಕೊಡಿ. ಮುಂದೆ ಮನೆ ಮಾರುವಾಗ ಕೊಳ್ಳುವವರ ಕಡೆಯವರು ಕೌಂಟಿಯ ದಾಖಲೆ ತೆಗೆದು ನೋಡಿದರೆ ದಂಡ ಕಟ್ಟುವುದು, ಹಲಗೆ ಕಿತ್ತು ತೋರಿಸುವುದು ನಿಮ್ಮ ಪಾಲಿಗೇ. ಕಂಟ್ರಾಕ್ಟರಿಗೆ ಕೊಡುವ ಹಣದ ಕೊನೆಯ ಕಂತನ್ನು ಇನ್‌ಸ್ಪೆಕ್ಟರ್ ಅಂತಿಮ ಒಪ್ಪಿಗೆ ಕೊಡುವ ತನಕ ಹಿಡಿದಿಟ್ಟುಕೊಳ್ಳಿ, ಈ ಷರತ್ತನ್ನು ಕರಾರಿನಲ್ಲೇ ಬರೆಸಿಕೊಳ್ಳಿ.